ಟೊಮೇಟೊ ಬೀಜ ಲೋಳೆ ಹೊದ್ದ ಕಥೆ

ಆಗ ಭೂಮಿ ಹೊಸತು. ನದಿಗಳು ಇನ್ನೂ ದಾರಿ ಹುಡುಕುತ್ತಿದ್ದವು. ಗಿಡ ಮಾತಾಡಿದರೆ ಮನುಷ್ಯರಿಗೆ ತಿಳಿಯುತ್ತಿತ್ತು, ಮನುಷ್ಯರು ಬೈದರೆ ಗಿಡಕ್ಕೂ ತಿಳಿಯುತ್ತಿತ್ತು. ಆ ಕಾಲದಲ್ಲಿ ಟೊಮೇಟೊ ಬೀಜಕ್ಕೆ ಲೋಳೆ ಇರಲಿಲ್ಲ. ರಾಗಿ ಕಾಳಿನ ಹಾಗೆ ಒಣಗಿ, ಬರಿಮೈಯಲ್ಲಿ ಇರುತ್ತಿತ್ತು.

ಬರಿಮೈ ಬೀಜವನ್ನು ಕದಿಯುವುದು ಸುಲಭ. ಹೆಗ್ಗಣ ಕದ್ದಿತು. ಸಿಕ್ಕ ಹಣ್ಣನ್ನೆಲ್ಲ ಸೀಳಿ, ಬೀಜವನ್ನು ಬಿಲದೊಳಗೆ ರಾಶಿ ಹಾಕಿತು. ಆಮೇಲೆ ಬಿಲದ ಬಾಯಲ್ಲಿ ಕೂತು, "ನಾನು ಬೀಜದ ಒಡೆಯ. ಬೇಕಾದವರು ಮಳೆಗಾಲಕ್ಕೊಮ್ಮೆ ಬಂದು ಕೈಮುಗಿಯಿರಿ" ಅಂದಿತು.

ಒಂದು ಗಿಡವನ್ನೂ ಅದು ಬೆಳೆಸಿರಲಿಲ್ಲ. ಒಂದು ಕೊಡ ನೀರು ಹೊತ್ತಿರಲಿಲ್ಲ. ಅಂಥದ್ದನ್ನು ಒಡೆಯ ಅನ್ನುವುದಿಲ್ಲ ಮಗಳೇ, ಕಳ್ಳ ಅನ್ನುತ್ತಾರೆ. ಆದರೂ ಊರೆಲ್ಲ ಹೋಗಿ ಕೈಮುಗಿಯಿತು.

ಮಲ್ಲಾಜಮ್ಮ ಅನ್ನುವವಳು ಮಾತ್ರ ಹೋಗಲಿಲ್ಲ. ಅವಳ ಹಿತ್ತಲಲ್ಲಿ ಒಂದೇ ಒಂದು ಟೊಮೇಟೊ ಗಿಡ ಉಳಿದಿತ್ತು. ಸುತ್ತ ಮುಳ್ಳು ಕಟ್ಟಿ ಕಾಯುತ್ತಿದ್ದಳು. ಗಿಡದಲ್ಲಿ ಎರಡೇ ಹಣ್ಣು.

ಆ ಗಿಡಕ್ಕೊಂದು ಆಸೆ. ಬಿಸಿಲು ಬಲಿತರೆ ತಾನು ಒಣಗಿಹೋಗುತ್ತೇನೆ, ಅಷ್ಟರೊಳಗೆ ಮಕ್ಕಳ ಮೊದಲ ಎರಡು ಎಲೆಯನ್ನು ಒಮ್ಮೆ ನೋಡಬೇಕು.

"ಗಾಳಿಯಣ್ಣ, ಚಿಗುರಿದಾಗ ನನ್ನ ಮಕ್ಕಳು ಹೇಗೆ ಕಾಣುತ್ತವೆ?"

"ನನಗೇನು ಗೊತ್ತು ತಾಯಿ? ನಾನು ಎಲ್ಲೂ ನಿಂತು ನೋಡುವವನಲ್ಲ."

ಗಿಡ ತಡೆಯಲಾರದೆ ಮೊದಲ ಹಣ್ಣಿನ ಬೀಜಗಳಿಗೆ ಪಿಸುಗುಟ್ಟಿತು. "ಏಳಿ ಮಕ್ಕಳೇ. ನಾನಿರುವಾಗಲೇ ಏಳಿ."

ಮಕ್ಕಳು ಎದ್ದವು. ಹಣ್ಣಿನೊಳಗೇ ಎದ್ದವು. ಮಲ್ಲಾಜಮ್ಮ ಹಣ್ಣು ಹೆಚ್ಚಿದಾಗ ಒಳಗೆ ಬಿಳಿ ಬಿಳಿ ಎಳೆಗಳು. ಮಣ್ಣಿಲ್ಲದೆ, ಬೆಳಕಿಲ್ಲದೆ, ಮುದುಡಿಕೊಂಡು ಸತ್ತಿದ್ದವು.

"ಏನೇ ಮಾಡ್ದೆ ಇದು?"

"ನೋಡಬೇಕು ಅನ್ನಿಸಿತು ಅವ್ವ."

"ನೋಡಬೇಕು ಅಂತ ಕೊಂದ್ಯಲ್ಲೇ! ಇನ್ನಿರೋದು ಒಂದೇ ಹಣ್ಣು. ಅದೂ ಹೋದ್ರೆ ನಾನೂ ಆ ಕಳ್ಳನ ಮುಂದೆ ನಿಲ್ಲಬೇಕು."

ಗಿಡ ಬಿಕ್ಕಿ ಬಿಕ್ಕಿ ಅತ್ತಿತು.

ಅವತ್ತು ಮಧ್ಯಾಹ್ನ ಬೇಲಿ ಪಕ್ಕ ಹಸು ಕರು ಹಾಕಿತು. ದಿನ ತುಂಬುವ ತನಕ ಹೊಟ್ಟೆಯೊಳಗೆ ಕಾದಿದ್ದ ಕರು ಮೈತುಂಬ ಲೋಳೆ ಹೊದ್ದು ನೆಲಕ್ಕೆ ಬಿತ್ತು. ಗಿಡ ರೆಪ್ಪೆ ಮಿಟುಕಿಸದೆ ನೋಡಿತು.

"ಅವ್ವ, ಈ ಹಣ್ಣಿನ ಮಕ್ಕಳಿಗೆ ನಾನೂ ಹಾಗೆ ಹೊದಿಸುತ್ತೇನೆ. ನನ್ನ ಮೈಯ ರಸದಿಂದಲೇ. ಅದು ಕೊಳೆತು ಕಳಚುವ ತನಕ ಏಳಬೇಡಿ ಅನ್ನುತ್ತೇನೆ."

"ಅಷ್ಟೊತ್ತಿಗೆ ನೀನೇ ಇರಲ್ವಲ್ಲೇ."

"ಇರಲ್ಲ."

ಮಲ್ಲಾಜಮ್ಮ ಗಿಡದ ಎಲೆ ಸವರಿದಳು. ಅಂಗೈಗೆ ಹಸಿರು ಹತ್ತಿತು.

ಎರಡನೆಯ ಹಣ್ಣು ಕೆಂಪಗಾಯಿತು. ಹೆಗ್ಗಣ ಮುಳ್ಳಿನ ಕೆಳಗೆ ನೆಲ ಕೊರೆದು ಬಂದು, ಅರ್ಧ ಹಣ್ಣು ಕಿತ್ತುಕೊಂಡು ಓಡಿತು. ಈ ಸಲ ಬೀಜ ಮೀಸೆಗೆ ಅಂಟಿತು, ಕಾಲಿಗೆ ಅಂಟಿತು. ರಾಶಿಗೆ ಸೇರಿಸಿದರೆ ರಾಶಿಗೇ ಬೂಷ್ಟು ಹಿಡಿಯಿತು. ನಾಲ್ಕೇ ದಿನಕ್ಕೆ ಕೂಡಿಟ್ಟಿದ್ದೆಲ್ಲ ಕೊಳೆತು, ಒಡೆಯ ತನ್ನ ಬಿಲ ಬಿಟ್ಟು ಓಡಬೇಕಾಯಿತು.

ಉಳಿದರ್ಧವನ್ನು ಮಲ್ಲಾಜಮ್ಮ ಕುಡಿಕೆಗೆ ಹಿಂಡಿ, ಒಂದಿಷ್ಟು ನೀರು ಬೆರೆಸಿ ಮೂರು ದಿನ ಇಟ್ಟಳು. ಮೇಲೆ ನೊರೆ ಬಂತು. ಮನೆಯೆಲ್ಲ ನಾತ.

"ಏನಕ್ಕ, ಹೆಗ್ಗಣ ಬಂದು ನಿನ್ನ ಮನೇಲೇ ಸತ್ತಿದ್ಯಾ?" ಪಕ್ಕದ ಮನೆ ದ್ಯಾವೀರಿ ಮೂಗು ಮುಚ್ಚಿ ನಕ್ಕಳು.

"ನಗು, ನಗು. ಬಿತ್ತೋ ಹೊತ್ತಿಗೆ ನೀನೇ ಸೆರಗು ಒಡ್ಡಿ ಬರ್ತೀಯ."

ನಾಲ್ಕನೆಯ ದಿನ ಲೋಳೆ ಕಳಚಿತ್ತು. ತೊಳೆದು, ಬಟ್ಟೆ ಮೇಲೆ ಹರಡಿ ನೆರಳಲ್ಲಿ ಒಣಗಿಸಿದಳು. ದ್ಯಾವೀರಿ ನಿಜಕ್ಕೂ ಬಂದಳು. ಮಲ್ಲಾಜಮ್ಮ ಒಂದು ಚಿಟಿಕೆ ಬೀಜ ಕೊಟ್ಟು ಅಂದಳು: "ಇನ್ನು ಯಾರಿಗೂ ಕೈಮುಗೀಬೇಡ. ವರ್ಷಕ್ಕೆ ಮೂರು ದಿನ ನಾತ ತಡ್ಕೊ, ಅಷ್ಟೆ."

ಮಳೆ ಬಿತ್ತು. ಹಿತ್ತಲ ತುಂಬ ಸಸಿ ಎದ್ದವು. ಮಲ್ಲಾಜಮ್ಮ ಸಂತೋಷದಿಂದ ಗಿಡದ ಕಡೆ ತಿರುಗಿದಳು. ಅಲ್ಲಿದ್ದದ್ದು ಒಣಕಡ್ಡಿ. ಆದರೂ ಅದರ ಪಕ್ಕ ಕುಕ್ಕರುಗಾಲಲ್ಲಿ ಕೂತು ಹೇಳಿದಳು.

"ಬಂದ್ರು ಕಣೆ. ಎರಡೆರಡೇ ಎಲೆ. ಅಂಚು ನಿನ್ನ ಥರ ಅಲ್ಲ, ನುಣ್ಣಗೆ ಅದೆ. ನೀನು ನೋಡಬೇಕಿತ್ತು."

ಅದಕ್ಕೇ ಇವತ್ತಿಗೂ ಟೊಮೇಟೊ ಬೀಜ ತಾಯಿ ಹೊದಿಸಿದ ಲೋಳೆಯಲ್ಲಿ ಮಲಗಿ, ನಿನ್ನ ಬೆರಳಿಂದ ಜಾರುತ್ತದೆ. ತುಂಬ ದಿನ ಇಟ್ಟ ಹಣ್ಣು ಹೆಚ್ಚಿದಾಗ ಎಂದಾದರೂ ಒಳಗೊಂದು ಬಿಳಿ ಮೊಳಕೆ ಕಂಡರೆ, ಯಾವುದೋ ತಾಯಿ ತಡೆಯಲಾರದೆ ಕರೆದುಬಿಟ್ಟಿದ್ದಾಳೆ ಅಂತ ತಿಳಿದು, ಬೇಗ ಅದನ್ನು ಮಣ್ಣಲ್ಲಿ ನೆಡು.