ದ್ಯಾವಣ್ಣನ ಹೆಜ್ಜೆ

ಐವತ್ತೇಳು ಕೆ.ಜಿ. ತೂಕದ ಸಣ್ಣೀರ, ಎಂಬತ್ತೆರಡು ಕೆ.ಜಿ.ಯ ದ್ಯಾವಣ್ಣನ ಎದುರು ಬಾಕ್ಸಿಂಗಿಗೆ ನಿಂತೇ ತೀರುತ್ತೇನೆಂದು ಹಟ ಹಿಡಿದ. ಏನಾಗಿರಬಹುದು, ಹೇಳಿ ನೋಡೋಣ?

ಸಣ್ಣವನು ಗೆದ್ದ ಅಂತೀರಿ. ಕಥೆ ಅಂದಮೇಲೆ ಹಾಗೇ ತಾನೆ! ದೊಡ್ಡವನು ಗೆದ್ದ ಅಂತೀರಿ. ತಕ್ಕಡಿ ಸುಳ್ಳು ಹೇಳುತ್ತದೆಯೇ! ತಡೆಯಿರಿ, ಆತುರ ಬೇಡ.

ಹೊಳೆಯ ದಡದಲ್ಲಿ ಬೆಟ್ಟಯ್ಯನವರ ಗರಡಿ. ಇಬ್ಬರೂ ಅಲ್ಲಿಯ ಶಿಷ್ಯರೇ. ಗುರುಗಳು ತಮ್ಮ ಕೈಯಾರೆ ಬಟ್ಟೆಪಟ್ಟಿ ಸುತ್ತುವ ತನಕ ಅಲ್ಲಿ ಯಾರೂ ಮುಷ್ಟಿ ಎತ್ತುವಂತಿರಲಿಲ್ಲ.

ಸಣ್ಣೀರ ಎರಡೂ ಕೈ ಚಾಚಿದ. "ನನ್ನ ತೂಕದವರನ್ನೆಲ್ಲ ಸೋಲಿಸಿಯಾಯಿತು ಗುರುಗಳೇ. ಇನ್ನು ಉಳಿದವನು ದ್ಯಾವಣ್ಣ. ಪಟ್ಟಿ ಕಟ್ಟಿ."

"ಅವನು ಈಗತಾನೆ ಹೊಳೆಯಲ್ಲಿ ಮಿಂದು ಹೋದ. ದಡದ ಹಸಿಮಣ್ಣಿನಲ್ಲಿ ಹೆಜ್ಜೆ ಇದೆ. ಪಕ್ಕದಲ್ಲಿ ನಿನ್ನದೊಂದು ಊರಿ, ನೋಡಿಕೊಂಡು ಬಾ."

ಸಣ್ಣೀರ ಹೋದ. ದ್ಯಾವಣ್ಣನ ಹೆಜ್ಜೆಯಲ್ಲಿ ಆಗಲೇ ನೀರು ಜಿನುಗಿ, ಮರಿಗಪ್ಪೆಯೊಂದು ಮನೆ ಹೂಡಿತ್ತು. ಸಣ್ಣೀರನದು ಕೊಕ್ಕರೆ ಕೂತು ಎದ್ದ ಹಾಗಿತ್ತು, ಅಷ್ಟೆ.

ಒಬ್ಬ ಮನುಷ್ಯ ಸುಮ್ಮನೆ ನಡೆದು ಹೋದದ್ದಕ್ಕೇ ಭೂಮಿ ಇಷ್ಟು ತಗ್ಗಿದೆಯಲ್ಲ!

ಅಂದಿನಿಂದ ತಿನ್ನಲು ಕೂತ. ವಿಜಯದಶಮಿಯಿಂದ ಮಾಘದವರೆಗೆ ಮುದ್ದೆ, ಮೊಟ್ಟೆ, ತುಪ್ಪ, ಬಾಳೆಹಣ್ಣು. ಹದಿಮೂರು ಕೆ.ಜಿ. ಏರಿತು. ಮತ್ತೆ ದಡಕ್ಕೆ ಹೋಗಿ, ದ್ಯಾವಣ್ಣನ ಹೊಸ ಹೆಜ್ಜೆಯ ಪಕ್ಕದಲ್ಲಿ ಕಾಲೂರಿ, ಕಡ್ಡಿ ಇಳಿಸಿ ಅಳೆದ. ಕುಣಿಯುತ್ತ ಓಡಿ ಬಂದ.

"ಆಳ ಸಮ, ಗುರುಗಳೇ! ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ!"

"ಉದ್ದ?"

ಹೆಜ್ಜೆಯ ಉದ್ದವನ್ನೂ ಅಳೆಯಬೇಕೆಂದು ಸಣ್ಣೀರನಿಗೆ ಹೊಳೆದೇ ಇರಲಿಲ್ಲ.

ಆದರೆ ಹಟ ಹಟವೇ. ಗರಡಿಯವರೆಲ್ಲರ ಎದುರಿಗೆ ಹೇಳಿಬಿಟ್ಟ: "ಇಂದು ನಾವಿಬ್ಬರೂ ಆಡಬೇಕು. ಸೋತವನು ಗರಡಿ ಬಿಟ್ಟು ಹೋಗಬೇಕು. ಮಣ್ಣು ಮುಟ್ಟಿ ಹೇಳುತ್ತಿದ್ದೇನೆ."

ಎಂಟನೇ ವಯಸ್ಸಿನಿಂದ ಅವನಿಗೆ ಆ ಗರಡಿಯೇ ಮನೆ. ಎಲ್ಲರೂ ಗುರುಗಳ ಮುಖ ನೋಡಿದರು.

ಬೆಟ್ಟಯ್ಯನವರು ಪಟ್ಟಿ ತೆಗೆದುಕೊಂಡರು. ಮೊದಲು ದ್ಯಾವಣ್ಣನ ಕೈಗೆ, ಆಮೇಲೆ ಸಣ್ಣೀರನ ಕೈಗೆ ಸುತ್ತಿದರು.

ಮೂರು ಏಟು ಸಣ್ಣೀರನೇ ಹೊಡೆದ. ಮೂರೂ ಸರಿಯಾಗಿ ಬಿದ್ದವು. ದ್ಯಾವಣ್ಣ ಮಳೆಹನಿ ಬಿದ್ದವನಂತೆ ಕಣ್ಣು ಮಿಟುಕಿಸಿದ. ಮುಂದೆ ಬಂದು ಸಣ್ಣೀರನ ಮೇಲೆ ಸುಮ್ಮನೆ ಒರಗಿದ. ಹೊಡೆಯಲಿಲ್ಲ, ಒರಗಿದ. ಸಣ್ಣೀರನ ಮಂಡಿಗಳು ತಾವಾಗಿಯೇ ಬಾಗಿದವು. ಬಿಡಿಸಿಕೊಂಡ, ಮುಖಕ್ಕೆ ಅಡ್ಡವಾಗಿ ಕೈ ಹಿಡಿದ. ಆಗ ಬಂತು ಒಂದೇ ಒಂದು ಏಟು, ಅದೂ ಆ ಅಡ್ಡಗೈಯ ಮೇಲೆ.

ಕಣ್ಣು ಬಿಟ್ಟಾಗ ಗೋಡೆಗೆ ಒರಗಿ ಕೂತಿದ್ದ. ನೋವಿಗಿಂತ ಬೆರಗೇ ಹೆಚ್ಚಾಗಿತ್ತು.

"ಅದು ಏಟಲ್ಲ ಗುರುಗಳೇ. ಮಲಗಿದ್ದ ಗುಡ್ಡ ಮಗ್ಗುಲು ಬದಲಿಸಿತು!"

ದ್ಯಾವಣ್ಣ ಪಕ್ಕದಲ್ಲಿ ಬಂದು ಕೂತ. "ಒಂದು ಮಾತು ಹೇಳಲಾ ತಮ್ಮಾ? ಬೇಜಾರಾಗಬಾರದು."

"ಇನ್ನೇನು ಬೇಜಾರು? ಹೇಳಣ್ಣ."

"ಇಷ್ಟು ದಿನ ನಿನ್ನ ಜೊತೆ ಆಡದೆ ತಪ್ಪಿಸಿಕೊಳ್ಳುತ್ತಿದ್ದೆನಲ್ಲ, ಅದು ಹೆದರಿಕೆಗೆ. ಬೇರೆಯವರ ಜೊತೆ ನೀನು ಆಡುವಾಗ ನೋಡುತ್ತಿದ್ದೆ. ನಿನ್ನ ಏಟು ಬರುವುದೇ ಕಾಣುತ್ತಿರಲಿಲ್ಲ, ಬಿದ್ದಮೇಲೆ ಗೊತ್ತಾಗುತ್ತಿತ್ತು. ಇಂದು ಮೂರೂ ಕಂಡವು. ಎತ್ತಿನಗಾಡಿ ಬಂದ ಹಾಗೆ ಬಂದವು."

ಸಣ್ಣೀರ ತನ್ನ ಕೈಗಳನ್ನೇ ನೋಡಿಕೊಂಡ. ಆಮೇಲೆ ತಲೆಯೆತ್ತಿದ.

"ಹಾಗಾದರೆ ಐವತ್ತೇಳರಲ್ಲೇ ಇದ್ದಿದ್ದರೆ ಗೆಲ್ಲುತ್ತಿದ್ದೆನೇ, ಗುರುಗಳೇ?"

"ಇಲ್ಲ," ಅಂದರು ಬೆಟ್ಟಯ್ಯನವರು. "ಅವನು ಆ ತೂಕವನ್ನು ಹೊತ್ತುಕೊಂಡು ತಿರುಗುತ್ತಿಲ್ಲ, ಅದರ ಜೊತೆಗೇ ಹುಟ್ಟಿದ್ದಾನೆ. ಆಗಲೂ ನೀನು ಸೋಲುತ್ತಿದ್ದೆ. ಆದರೆ ಆಗ ಸೋಲುತ್ತಿದ್ದವನು ಸಣ್ಣೀರ."

ಸಣ್ಣೀರ ಎದ್ದು, ಹಲ್ಲಿನಿಂದ ಕಚ್ಚಿ ಪಟ್ಟಿ ಬಿಚ್ಚಿದ, ಮಡಿಸಿ ಗುರುಗಳ ಕಾಲ ಬಳಿ ಇಟ್ಟ. ತನ್ನ ಚೀಲ ಹೆಗಲಿಗೆ ಹಾಕಿಕೊಂಡ. ಕಣ್ಣು ತುಂಬಿತ್ತು.

"ಮಣ್ಣು ಮುಟ್ಟಿ ಹೇಳಿದ್ದೇನೆ. ಹೊರಡುತ್ತೇನೆ."

ದ್ಯಾವಣ್ಣ ದಡಬಡಿಸಿ ಎದ್ದ. "ಗುರುಗಳೇ, ಬೇಡ ಅನ್ನಿ!"

ಬೆಟ್ಟಯ್ಯನವರು ಸಣ್ಣೀರನ ಹೆಗಲಿನಿಂದ ಚೀಲ ಇಳಿಸಿಕೊಂಡರು. ಅವನ ಹೊಸ ಹೊಟ್ಟೆಯನ್ನು ಎರಡು ಬೆರಳಿನಿಂದ ಹಿಡಿದು ಮೆಲ್ಲಗೆ ಅಲುಗಿಸಿದರು. ಆಮೇಲೆ ಅವನ ಕೈಗೆ ಒಂದು ಹಿಡಿ ಕೆಮ್ಮಣ್ಣು ಕೊಟ್ಟು, ಗೋಡೆ ತೋರಿಸಿದರು.

"ಆಡಿದ ಮಾತು ನಡೆಯಲೇಬೇಕು. ಸೋತವನು ಹೋಗಲಿ, ನೀನು ಇಲ್ಲೇ ಇರು. ಹದಿಮೂರು ಕೆ.ಜಿ.ಯವನೊಬ್ಬ ಗರಡಿ ಬಿಟ್ಟ ಅಂತ ಬರೆ. ದಿನ, ಮಾಘ ಬಹುಳ ದಶಮಿ, ಗುರುವಾರ."