ಕಸಬರಿಗೆವ್ವನ ಗುಡ್ಡ

ಸುರಗಿಹಾಳದ ಪಡುವಣಕ್ಕೆ, ನೆತ್ತಿಯನ್ನು ಕೊಯ್ದು ತೆಗೆದಂತೆ ಕಾಣುವ ಕರಿಯ ಗುಡ್ಡವೊಂದಿದೆ. ಅದರ ಮೈಮೇಲೆ ಆಳೆತ್ತರದ ಮರ ಒಂದೂ ಇಲ್ಲ. ಕಲ್ಲುಗಳಲ್ಲೆಲ್ಲ ಹುಳು ಕೊರೆದಂಥ ತೂತುಗಳು. ಕೆಲವಂತೂ ಎಷ್ಟು ಹಗುರವೆಂದರೆ ಹೊಂಡಕ್ಕೆ ಎಸೆದರೆ ತೇಲುತ್ತವೆ. ಕುರಿ ಕಾಯುವವರು ಅಲ್ಲಿ ಹಿಂಡು ಬಿಡುತ್ತಾರೆ, ಆದರೆ ಕುಳಿತು ಬುತ್ತಿ ಬಿಚ್ಚುವುದಿಲ್ಲ. ಇದನ್ನು ಎಲ್ಲರೂ ಕಸಬರಿಗೆವ್ವನ ಗುಡ್ಡ ಎನ್ನುತ್ತಾರೆ. ಮೊದಲು ಬೇರೊಂದು ಹೆಸರಿತ್ತಂತೆ. ಅದನ್ನು ಹೇಳಬಲ್ಲವರು ಈಗ ಯಾರೂ ಇಲ್ಲ.

ಹಿಂದೆ ಒಮ್ಮೆ, ಊರಿನ ಗೌಡಿಕೆ ಭರಮಗೌಡನ ಕೈಯಲ್ಲಿದ್ದ ಕಾಲದಲ್ಲಿ, ಸುಗ್ಗಿ ಮುಗಿದ ಹೊಸದರಲ್ಲಿ ಬಾವಿಗಳ ನೀರು ಬೆಚ್ಚಗಾಗತೊಡಗಿತು. ದನಗಳು ಆ ನೀರನ್ನು ಮೂಸಿ ಹಿಂದೆ ಸರಿದವು. ಮೂರನೆಯ ದಿನ ಮಧ್ಯಾಹ್ನ, ಹೆಂಗಸರು ರೊಟ್ಟಿ ಬಡಿಯುತ್ತಿದ್ದಾಗ, ನೆಲವನ್ನು ಯಾರೋ ಜಗ್ಗಿ ಬಿಟ್ಟಂತಾಯಿತು. ಹಿಂದೆಯೇ, ಕಿವಿ ಮುಚ್ಚಿಹೋಗುವಂಥ ಸದ್ದಿನೊಂದಿಗೆ ಗುಡ್ಡದ ನೆತ್ತಿ ಸೀಳಿತು. ಕೆಂಪಗೆ ಕಾದ ಕಲ್ಲುಗಳು ಹೊಲಗಳಿಗೆ ಬಿದ್ದು ಬಣವೆಗಳು ಹೊತ್ತಿಕೊಂಡವು. ಎದ್ದ ಹೊಗೆ ಸೂರ್ಯನನ್ನು ಮುಚ್ಚಿತು. ಪಕ್ಕದಲ್ಲಿ ನಿಂತವರ ಮುಖ ಕಾಣದಂಥ ಕತ್ತಲೆಯಲ್ಲಿ ಬಿಸಿ ಬೂದಿ ಸುರಿಯತೊಡಗಿತು. ಹಳ್ಳದ ಕಡೆ ಓಡಿದವರು ದಾರಿಯಲ್ಲೇ ಉಸಿರುಗಟ್ಟಿ ಬಿದ್ದರು. ಹಲವರು ತಮ್ಮ ತಮ್ಮ ಮನೆಗಳ ಬಾಗಿಲು ಹಾಕಿಕೊಂಡರು. ಎಂಬತ್ತಕ್ಕೂ ಹೆಚ್ಚು ಜನ ಗೌಡನ ದೊಡ್ಡ ಮನೆಗೆ ನುಗ್ಗಿ, ಒದ್ದೆ ಬಟ್ಟೆಯನ್ನು ಮೂಗಿಗೆ ಒತ್ತಿಕೊಂಡು, ಒಬ್ಬರಿಗೊಬ್ಬರು ಅಂಟಿಕೊಂಡು ಕುಳಿತರು.

ಹೊರಗೆ ಒಂದೊಂದಾಗಿ ಮನೆಗಳು ಕುಸಿಯುವ ಸದ್ದು ಕೇಳುತ್ತಿತ್ತು. ಏಕೆಂದು ಮೊದಲು ತಿಳಿದದ್ದು ಸಂಕವ್ವನಿಗೆ. ಆಕೆ ಗೌಡನ ಕಣ ಗುಡಿಸಿ ಹೊಟ್ಟೆ ಹೊರೆಯುತ್ತಿದ್ದ ವಿಧವೆ; ಆ ಮನೆಯ ಹೊಸ್ತಿಲನ್ನು ಅಂದಿನವರೆಗೂ ದಾಟಿದವಳಲ್ಲ. ಮಣ್ಣಿನ ಮಾಳಿಗೆಯ ತೊಲೆ ಕಿರುಗುಟ್ಟಿದಾಗ ಆಕೆ ತಲೆ ಎತ್ತಿದಳು.

"ಗೌಡ್ರ, ಮ್ಯಾಲ ಬೂದಿ ಕೂಡಾಕತ್ತೈತಿ. ಭಾರಕ್ಕ ಮಾಳಿಗಿ ಬೀಳ್ತೈತಿ. ಯಾರರ ಹತ್ತಿ ಗುಡಸಬೇಕು."

ಭರಮಗೌಡ ಗೋಡೆಯ ಕಡೆ ಮುಖ ತಿರುಗಿಸಿದ. ಸಂಕವ್ವ ಕಂಬಳಿ ಹೊದ್ದು, ಮೂಲೆಯಲ್ಲಿದ್ದ ಕಸಬರಿಗೆ ತೆಗೆದುಕೊಂಡು, ಮಾಳಿಗೆಯ ಬೆಳಕಿಂಡಿಗೆ ಏಣಿ ಹಚ್ಚಿ ಹತ್ತಿದಳು.

ಆಮೇಲೆ ಕೆಳಗಿದ್ದವರಿಗೆ ಗುಡ್ಡದ ಗುಡುಗಿನ ನಡುವೆ ಕಸಬರಿಗೆ ಆಡುವುದು ಕೇಳತೊಡಗಿತು. ಸದ್ದು ಒಂದು ಮೂಲೆಯಿಂದ ಇನ್ನೊಂದಕ್ಕೆ ಹೋಗುವುದು, ಮರಳುವುದು. ಮಕ್ಕಳು ಅಳು ನಿಲ್ಲಿಸಿ ಅದನ್ನೇ ಆಲಿಸಿದರು. ಎಷ್ಟೋ ಹೊತ್ತಿನ ಮೇಲೆ ಅದು ನಿಧಾನವಾಯಿತು, ಕೊನೆಗೆ ನಿಂತೇಹೋಯಿತು. ಆ ಮೌನಕ್ಕೆ ಹೆದರಿದಷ್ಟು ಅವರು ಗುಡ್ಡಕ್ಕೂ ಹೆದರಿರಲಿಲ್ಲ ಎನ್ನುತ್ತಾರೆ. ತೊಲೆ ಮತ್ತೆ ಕಿರುಗುಟ್ಟಿ ತಲೆಗಳ ಮೇಲೆ ಮಣ್ಣು ಉದುರಿತು. ಆಗ ಎದ್ದವನು ಭರಮಗೌಡ. ಏಣಿಯಲ್ಲಿ ಎರಡು ಸಲ ಜಾರಿದನಂತೆ. ಮೇಲೆ ಸಂಕವ್ವ ಮಾಳಿಗೆಯಂಚಿನ ಕುಂಬಿಗೆ ಒರಗಿ ಕುಳಿತಿದ್ದಳು. ಕಂಬಳಿ ಅಲ್ಲಲ್ಲಿ ಸುಟ್ಟಿತ್ತು, ಕಣ್ಣುಗಳ ಮೇಲೆ ಬೂದಿ ಮೆತ್ತಿತ್ತು.

"ಯಾರು?" ಎಂದಳು.

"ನಾನಬೇ, ಭರಮಗೌಡ. ಕಸಬರಿಗಿ ಕೊಡು."

"ಗಾಳಿಗೆ ಬೆನ್ನ ಕೊಟ್ಟು ಗುಡಸ್ರಿ. ಇಲ್ಲಂದ್ರ ಬೂದಿ ಕಣ್ಣು ಮಾರಿಗೆ ಬಡೀತೈತಿ."

ಗೌಡ ಆಕೆಯನ್ನು ಕೆಳಗಿಳಿಸಿ ತಾನು ಗುಡಿಸಿದ. ಅವನ ಕೈ ಸೋತಾಗ ಇನ್ನೊಬ್ಬ ಬಂದ, ಅವನಾದ ಮೇಲೆ ಮತ್ತೊಬ್ಬ. ಮರುದಿನ ಸಂಜೆ ಬೂದಿ ನಿಂತಾಗ ಊರಲ್ಲಿ ನಿಂತಿದ್ದ ಮನೆ ಅದೊಂದೇ. ಅದರೊಳಗಿದ್ದವರೆಲ್ಲ ಬದುಕಿದ್ದರು. ಸಂಕವ್ವ ಮಾತ್ರ ಮೂರು ದಿನ ಕರಿಯ ಕಫ ಕೆಮ್ಮಿ ತೀರಿಕೊಂಡಳು. ಗೌಡ ತನ್ನ ಹಿರಿಯರ ಮಗ್ಗುಲಲ್ಲಿ ಆಕೆಯನ್ನು ಮಣ್ಣು ಮಾಡಿ, ಹೆತ್ತ ತಾಯಿಗೆಂಬಂತೆ ತಲೆ ಬೋಳಿಸಿಕೊಂಡ. ಮುಂದೆ ನಾಲ್ಕು ವರ್ಷ ಊರ ನೆಲದಲ್ಲಿ ಹುಲ್ಲು ಕೂಡ ಏಳಲಿಲ್ಲ. ಉಳಿದವರು ದೂರದ ಕಾಡಿನಲ್ಲಿ ಗಡ್ಡೆಗೆಣಸು ಅಗೆದು ತಿಂದು ದಿನ ದೂಡಿದರು. ಗುಡ್ಡದ ಹೆಸರೆತ್ತಿದರೆ ಅದು ಓಗೊಟ್ಟೀತೆಂಬ ಅಂಜಿಕೆಯಿಂದ, ಅದನ್ನು ಹೇಳಲೇಬೇಕಾದಾಗ ಸಂಕವ್ವನ ನೆನಪಿನಲ್ಲಿ ಕಸಬರಿಗೆವ್ವನ ಗುಡ್ಡ ಎಂದರು. ಮಕ್ಕಳಿಗೂ ಹಾಗೆಯೇ ಕಲಿಸಿದರು. ಹಳೆಯ ಹೆಸರು ತಿಳಿದವರ ಜೊತೆಗೇ ಅದೂ ಹೋಯಿತು.

ಇಂದು ಗುಡ್ಡದ ಬುಡದಲ್ಲಿ ಆಕೆಯ ಸಣ್ಣ ಗುಡಿಯಿದೆ. ಒಳಗೆ ಮೂರ್ತಿಯಿಲ್ಲ. ಬಂದವರು ಕಾಯಿ ಒಡೆಯುವ ಮೊದಲು ಏಣಿ ಹತ್ತಿ ಮಾಳಿಗೆ ಗುಡಿಸುತ್ತಾರೆ. ಅಲ್ಲಿಂದ ನೋಡಿದರೆ ಮೂಡಲ ಹೊಲಗಳಲ್ಲಿ ಸಾಲಾಗಿ ಮಣ್ಣಿನ ದಿಬ್ಬಗಳು ಕಾಣುತ್ತವೆ. ಅಂದು ತಮ್ಮ ಮನೆಗಳ ಬಾಗಿಲು ಹಾಕಿಕೊಂಡವರು ಇನ್ನೂ ಒಳಗಿದ್ದಾರೆಂದು ಅಲ್ಲಿ ಯಾರೂ ನೇಗಿಲು ಹೂಡುವುದಿಲ್ಲ.