ಗೌಡರು ಮೆಚ್ಚಿದ ಹೋತ

ನನ್ನ ಹಳೆಯ ಡೈರಿಯಲ್ಲಿ, 1978ರ ನವೆಂಬರ್ 16ರ ಪುಟದಲ್ಲಿ, "ಪಶುವೈದ್ಯರು ಊರಿಗೆ ಬಂದರು" ಎಂದಿದೆ. ನಡೆದದ್ದು ಇಷ್ಟು.

ಮೇಕೆ ಮೇಯಿಸುವ ಹೆಂಗಸೊಬ್ಬಳು ಬೇವಿನೆಲೆ, ಕುಂಬಳಬೀಜ ಅರೆದು, ಬಿದಿರಿನ ಗೊಟ್ಟದಲ್ಲಿ ಕುಡಿಸಿ ಮೇಕೆಗಳ ಹೊಟ್ಟೆಹುಳ ಬೀಳಿಸುತ್ತಿದ್ದಳು. ಡಾಕ್ಟರು ಅದನ್ನು ನೋಡಲು ಬರುತ್ತಾರೆಂದು ತಿಳಿದದ್ದೇ ತಡ, ಊರಿನ ಜಮೀನುದಾರ ಚನ್ನೇಗೌಡರು ಅವಳನ್ನು ಕರೆಸಿದರು.

"ಔಷಧಿ ಕಂಡುಹಿಡಿದವನು ನಾನು ಅಂತೀನಿ. ನೀನು ಬಾಯಿ ಬಿಟ್ಟರೆ ನನ್ನ ಬೀಳು ಹೊಲಕ್ಕೆ ನಿನ್ನ ಮೇಕೆ ಕಾಲಿಡಕೂಡದು."

ಆ ಹೊಲ ಬಿಟ್ಟರೆ ಅವಳ ಮೇಕೆಗಳಿಗೆ ಬೇರೆ ಮೇವಿರಲಿಲ್ಲ.

"ಒಂದು ಮಾತೂ ಆಡಾಕಿಲ್ಲ ಬುದ್ಧಿ. ತಮ್ಮ ಹೋತನೂ ಹಿಡ್ಕೊಂಡು ಬರ್ಲಾ? ನೋಡಾಕೆ ಗತ್ತಾಗೈತೆ."

ಗೌಡರು ಉಬ್ಬಿಹೋದರು.

ಮರುದಿನ ಅವಳು ತನ್ನ ಸಪೂರ ಮೇಕೆಯನ್ನೂ ಗೌಡರ ಡೊಳ್ಳುಹೊಟ್ಟೆಯ ಹೋತವನ್ನೂ ಹಿಡಿದು ಡಾಕ್ಟರ ಮುಂದೆ ನಿಂತಳು.

"ಯಾವುದಕ್ಕೆ ಔಷಧಿ ಬೇಕು?" ಎಂದು ಡಾಕ್ಟರು ಕೇಳಿದರು.

"ಆ ಬಡಕಲಿಗೆ! ನನ್ನ ಹೋತ ನಾನೇ ಕಂಡುಹಿಡಿದ ಔಷಧಿ ಕುಡಿದೇ ಹೀಗೆ ಮೈತುಂಬಿದೆ" ಎಂದರು ಗೌಡರು.

ಅವಳು ಎರಡರ ಕೆಳರೆಪ್ಪೆಯನ್ನೂ ಹೆಬ್ಬೆರಳಿನಿಂದ ಮಗುಚಿ ತೋರಿಸಿದಳು. ಮೇಕೆಯದು ಕೆಂಪಗಿತ್ತು. ಹೋತದ್ದು ಸುಣ್ಣದಂತೆ ಬೆಳ್ಳಗಿತ್ತು.

ಡಾಕ್ಟರು ನಕ್ಕುಬಿಟ್ಟರು. "ಗೌಡರೇ, ಇದರ ಹೊಟ್ಟೆ ತುಂಬ ಹುಳ, ರಕ್ತವೆಲ್ಲ ಅವೇ ಕುಡಿದಿವೆ. ಇವತ್ತೇ ಔಷಧಿ ಹಾಕದಿದ್ದರೆ ಉಳಿಯಲ್ಲ. ಎಲ್ಲಿ, ಅರೆದು ತೋರಿಸಿ."

ಗೌಡರು ಅವಳ ಮುಖ ನೋಡಿದರು. ಅವಳು ಆಕಾಶ ನೋಡಿದಳು. ಊರವರು ಕಿಸಕ್ಕೆಂದರು.

"ಹೇಗೆ ಅರೆಯೋದು ಹೇಳವ್ವ" ಎಂದರು ಗೌಡರು ಮೆಲ್ಲಗೆ.

"ಬಾಯಿ ಬಿಟ್ಟರೆ ಹೊಲ ತಪ್ತದಲ್ಲ ಬುದ್ಧಿ?"

"ವರ್ಷಪೂರ್ತಿ ಮೇಯಿಸ್ಕೋ ತಾಯಿ, ಹೋತ ಉಳಿಸು!"

ಹೋತ ಉಳಿಯಿತು. ಔಷಧಿಗೆ ಹಿಡಿದದ್ದು ಎರಡು ಹಿಡಿ ಬೇವಿನೆಲೆ, ಒಂದು ಹಿಡಿ ಕುಂಬಳಬೀಜ. ಗೌಡರಿಗೆ ಹಿಡಿದದ್ದು ಒಂದು ವರ್ಷದ ಮೇವು.